ಅಪ್ಪ ನಿಂತಿದ್ದ ಜಾಗ

ಹೊಸ ಪಾದ್ರಿ ನಿಲುವಂಗಿಗೆ ಅಳತೆ ಕೊಡಲು ಬಂದ ದಿನ ಹೊಲಿಗೆಯಕ್ಕನ ಮುಖ ದಪ್ಪಗಾಗಿತ್ತು. ಬೀದಿಯವರೆಲ್ಲ ಆಕೆಯನ್ನು ಕರೆಯುತ್ತಿದ್ದದ್ದೇ ಹಾಗೆ, ಹೊಲಿಗೆಯಕ್ಕ ಅಂತ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಕಾಲುಮಿಷನ್ನು, ಗೋಡೆಯುದ್ದಕ್ಕೂ ಬಟ್ಟೆ ಕತ್ತರಿಸುವ ಮೇಜು, ಮೂಲೆಯಲ್ಲಿ ಚಿಂದಿಯ ಮೂಟೆ. ಈ ಚರ್ಚಿಗೆ ಹಿಂದೆ ಬಂದ ಮೂವರು ಪಾದ್ರಿಗಳ ನಿಲುವಂಗಿಯನ್ನೂ ಹೊಲಿದದ್ದು ಆಕೆಯೇ. ಒಬ್ಬರಿಗೆ ಹೊಟ್ಟೆ, ಇನ್ನೊಬ್ಬರಿಗೆ ಗೂನು, ಮತ್ತೊಬ್ಬರಿಗೆ ಒಂದು ಭುಜ ತಗ್ಗು. ಎಲ್ಲವನ್ನೂ ಬಟ್ಟೆಯೊಳಗೆ ಜಾಣತನದಿಂದ ಮುಚ್ಚಿ, ನೋಡಿದವರು ಎದ್ದು ನಿಲ್ಲುವ ಹಾಗೆ ಮಾಡಿ ಕಳಿಸಿದ್ದಳು. ಆದರೆ ಈಗ ಬಂದವರು ಹೆಂಗಸು. ಇವರನ್ನು ಆರಿಸಲು ಸಭೆಯವರು ಕೈ ಎತ್ತಿದಾಗ ಹೊಲಿಗೆಯಕ್ಕ ತನ್ನ ಕೈಗಳನ್ನು ಮಡಿಲಿನಿಂದ ಮೇಲೆತ್ತಿರಲಿಲ್ಲ.

"ಕೈ ಚಾಚಿ," ಎಂದಳು, ಟೇಪು ಬಿಚ್ಚುತ್ತಾ.

ಪಾದ್ರಿ ಚಾಚಿದರು. ಮೂವತ್ತು ದಾಟಿದ, ಸಣಕಲು ಮೈಯ, ಚಪ್ಪಲಿಯ ಹಿಮ್ಮಡಿ ಸವೆದ ಹೆಂಗಸು.

"ನಿಮ್ಮನ್ನ ಏನಂತ ಕರೀಬೇಕೋ ಗೊತ್ತಾಗ್ತಿಲ್ಲ. ಪಾದ್ರಿಯವರ ಹೆಂಡತೀನ ಪಾದ್ರಿಯಮ್ಮ ಅಂತಿದ್ವಿ. ಈಗ ಪಾದ್ರಿಯೇ ಅಮ್ಮ ಆದ್ರೆ, ನಾಳೆ ನಿಮ್ಮ ಗಂಡನ್ನ ಏನನ್ನೋದು?"

"ನಿಮಗೆ ಆ ತೊಂದರೆ ಬೇಡ ಅಂತಲೇ ಇನ್ನೂ ಮದುವೆ ಆಗಿಲ್ಲ ಅಕ್ಕ."

ನಕ್ಕುಬಿಟ್ಟೇನೆಂಬ ಭಯಕ್ಕೆ ಹೊಲಿಗೆಯಕ್ಕ ನಾಲ್ಕು ಗುಂಡುಸೂಜಿಗಳನ್ನು ಬಾಯಿಗೆ ಕಚ್ಚಿಕೊಂಡಳು. ಪಾದ್ರಿ ಕೈ ಚಾಚಿಕೊಂಡೇ ಮಾತಾಡಿದರು.

"ಮೊನ್ನೆ ಮೂಲೆಯ ಪಾರ್ಲರಿನಲ್ಲಿ ಕೂದಲು ಕತ್ತರಿಸಿಕೊಂಡೆ. ಅವರು ನಿಮ್ಮ ತಂಗಿ ಅಂತೆ. ಭಾನುವಾರ ಬನ್ನಿ ಅಂದೆ. 'ಹೊರಗೆ ಹಾಕಿದವರು ಕರೀಲಿ, ಆಮೇಲೆ ನೋಡೋಣ' ಅಂದ್ರು. ಅವರನ್ನ ಹೊರಗೆ ಹಾಕಿದ್ದು ಯಾರು?"

ಹೊಲಿಗೆಯಕ್ಕ ಗುಂಡುಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಸೂಜಿದಿಂಬಿಗೆ ಚುಚ್ಚಿದಳು.

"ನಮ್ಮಪ್ಪ," ಎಂದಳು.

ಅಪ್ಪ ಕಲ್ಲುಕೆಲಸದ ಮೇಸ್ತ್ರಿ, ಸಭೆಯ ಹಿರಿಯರಲ್ಲಿ ಮೊದಲಿಗ. ಈ ಚರ್ಚು ಕಟ್ಟಿದ್ದು ಅವನೇ. ಅದಕ್ಕೂ ಮುಂಚೆ, ಅಜ್ಜಿಯ ಕಾಲದಲ್ಲಿ, ಸಭೆಗೆ ಗೋಡೆಯೇ ಇರಲಿಲ್ಲವಂತೆ. ಚರ್ಮದ ಕಾರ್ಖಾನೆಯ ಹಿಂದಿನ ಗೋದಾಮಿನಲ್ಲಿ, ವಾಸನೆಗೆ ಮೂಗು ಮುಚ್ಚಿಕೊಂಡು, ಓದುಬರಹ ಬಾರದ ಕೂಲಿಯವರು ಕೂತು ಹಾಡುತ್ತಿದ್ದರಂತೆ. ಅಪ್ಪನ ಕಾಲಕ್ಕೆ ಕಲ್ಲು ಬಂತು, ಬೆಂಚು ಬಂತು, ಶಿಸ್ತು ಬಂತು. ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ. ಹೆಂಗಸರು ತಲೆ ಮುಚ್ಚಬೇಕು, ಹಾಡಬಹುದು, ಮಾತಾಡಬಾರದು. ಕುಡಿದು ಬಂದವನನ್ನು ಬಾಗಿಲಲ್ಲೇ ತಡೆಯುತ್ತಿದ್ದರು. ಆ ಶಿಸ್ತು ಸುಮ್ಮನೆ ಬಂದದ್ದಲ್ಲವೆಂದು ಹೊಲಿಗೆಯಕ್ಕನಿಗೆ ಗೊತ್ತಿತ್ತು. ಅದರಿಂದಲೇ ಎಷ್ಟೋ ಮನೆಗಳ ಗಂಡಸರು ಬಾಟಲಿ ಬಿಟ್ಟಿದ್ದರು, ಎಷ್ಟೋ ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದ್ದರು.

ಅದೇ ಶಿಸ್ತು ಒಂದು ದಿನ ಅವರ ಮನೆಯ ಬಾಗಿಲನ್ನೇ ತಟ್ಟಿತು. ಇದೇ ಸಭೆಯವನಾದ ತಂಗಿಯ ಗಂಡ ಅವಳನ್ನು ಹೊಡೆಯುತ್ತಿದ್ದ. ಬಾತುಹೋದ ಮುಖ ಹೊತ್ತು ಅವಳು ಎರಡು ಸಲ ತವರಿಗೆ ಬಂದಳು, ಎರಡು ಸಲವೂ ಅಪ್ಪ ಬುದ್ಧಿ ಹೇಳಿ ವಾಪಸು ಕಳಿಸಿದ. ಮೂರನೆಯ ಸಲ ಅವಳು ತವರಿಗೆ ಬರಲಿಲ್ಲ, ನೇರ ಕೋರ್ಟಿಗೆ ಹೋಗಿ ಗಂಡನನ್ನು ಬಿಟ್ಟಳು. ಮುಂದಿನ ಭಾನುವಾರ ಅಪ್ಪ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಮೇಜಿನ ಪಕ್ಕದಲ್ಲಿ ನಿಂತು, ತನ್ನ ಕಿರಿಮಗಳು ದೇವರ ಮುಂದೆ ಕೊಟ್ಟ ಮಾತು ಮುರಿದಿದ್ದಾಳೆ, ಇನ್ನು ಮುಂದೆ ಅವಳಿಗೆ ಈ ಮೇಜಿನಲ್ಲಿ ಜಾಗವಿಲ್ಲ ಎಂದ. ಒಪ್ಪಿಗೆಯಿರುವ ಹಿರಿಯರು ಕೈ ಎತ್ತಿ ಎಂದ. ಎತ್ತಿದರು. ತಂಗಿ ಎದ್ದು ಹೊರಟಳು. ಬಾಗಿಲನ್ನು ದಢಾರೆಂದು ಹಾಕಲಿಲ್ಲ, ಸದ್ದಾಗದಂತೆ ಎಳೆದುಕೊಂಡಳು. ಅದೇ ಹೊಲಿಗೆಯಕ್ಕನಿಗೆ ಹೆಚ್ಚು ನೋವಾಗಿ ಉಳಿದದ್ದು.

"ಆಮೇಲೆ ಅಪ್ಪ, ಮಗಳು ಮಾತು ಬಿಟ್ರಾ?" ಪಾದ್ರಿ ಕೇಳಿದರು.

"ಅದೇ ವಿಚಿತ್ರ. ಅಪ್ಪ ಹಾಸಿಗೆ ಹಿಡಿದಾಗ ತಿಂಗಳಿಗೊಂದು ಸಲ ಬಂದು ಅವನ ಕೂದಲು ಕತ್ತರಿಸಿ, ಗಡ್ಡ ಬೋಳಿಸಿ ಹೋಗ್ತಿದ್ಲು. ಅಪ್ಪ ಕತ್ತು ಬಗ್ಗಿಸಿ ಕೊಡ್ತಿದ್ದ. ಆ ವಿಷಯ ಮಾತ್ರ ಇಬ್ಬರೂ ಎತ್ತಲಿಲ್ಲ. ಸಾಯೋ ತನಕ."

ಪಾದ್ರಿ ಚಾಚಿದ್ದ ಕೈಗಳನ್ನು ಇಳಿಸಿದರು. ಆಮೇಲೆ, "ಸಭೆಗೂ ವಯಸ್ಸಾಗತ್ತೆ ಅಕ್ಕ," ಎಂದರು. "ಮಗು ಆಗಿದ್ದಾಗ ಗೋದಾಮಿನಲ್ಲಿ ಹಾಡ್ತು. ಬೆಳೆದ ಮೇಲೆ ಮೈಮೇಲೆ ಎಚ್ಚರ ಬೇಕಿತ್ತು, ಕಟ್ಟುಪಾಡು ಮಾಡ್ಕೊಂಡ್ತು. ಅದೂ ಬೇಕಾಗಿದ್ದೇ. ಆದ್ರೆ ಅಲ್ಲೇ ನಿಂತುಬಿಟ್ರೆ ಹೇಗೆ?"

"ನಮ್ಮ ಸಭೆಗೀಗ ಮಂಡಿನೋವಿನ ವಯಸ್ಸು," ಎಂದಳು ಹೊಲಿಗೆಯಕ್ಕ. "ತಿರುಗಿ, ಬೆನ್ನಿನ ಅಳತೆ ತಗೋಬೇಕು."

ಬಾಯಲ್ಲಿ ಹಾಗೆ ಅಂದಳೇ ಹೊರತು ಆ ಮಾತು ತಲೆಯಿಂದ ಹೋಗಲಿಲ್ಲ. ಸಂಜೆ ಅಂಗಡಿಯ ಬಾಗಿಲು ಎಳೆದು ತಂಗಿಯ ಪಾರ್ಲರಿಗೆ ಹೋದಳು. ಅಕ್ಕನ ಕತ್ತರಿ ಬಟ್ಟೆಗೆ, ತಂಗಿಯದು ತಲೆಗೆ ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು. ಗಿರಾಕಿಗಳೆಲ್ಲ ಹೋಗಿದ್ದರು. ತಂಗಿ ನೆಲದ ಕೂದಲು ಗುಡಿಸುತ್ತಿದ್ದಳು. ಕನ್ನಡಿಯಲ್ಲೇ ಅಕ್ಕನನ್ನು ನೋಡಿ, "ಆ ಪಾದ್ರಿ ಹುಡುಗಿ ನಿನ್ನ ಕಿವೀಲೂ ಊದಿದ್ಲಾ?" ಎಂದಳು.

"ಬರಬಾರದಾ ಕಣೇ? ಅಪ್ಪ ಹೋಗಿ ಎಷ್ಟು ಕಾಲ ಆಯ್ತು. ಈಗ ಯಾರು ನಿನ್ನನ್ನ ತಡೀತಾರೆ? ಪಾದ್ರಿಯವರು ಕ್ಷಮಾಪಣೆಯ ಪ್ರಾರ್ಥನೆ ಮಾಡಿಸ್ತಾರೆ..."

"ಕ್ಷಮೆ ಯಾಕೆ? ನಾನೇನು ತಪ್ಪು ಮಾಡಿದ್ದೀನಿ?" ತಂಗಿ ಪೊರಕೆಯನ್ನು ಗೋಡೆಗೆ ಒರಗಿಸಿದಳು. ದನಿ ಏರಿಸಲಿಲ್ಲ. "ಹಿಂದಿನ ಬಾಗಿಲಿಂದ ಬಂದು ಕೊನೇ ಬೆಂಚಲ್ಲಿ ಕೂರೋಕೆ ನನಗೆ ಯಾವತ್ತೂ ಅಡ್ಡಿ ಇರಲಿಲ್ಲ ಅಕ್ಕ. ಅದು ನನಗೆ ಬೇಡ. ಎಲ್ಲರ ಎದುರಿಗೆ ನಿಂತು ನನಗೆ ಜಾಗ ಇಲ್ಲ ಅಂದ್ರು. ಎಲ್ಲರ ಎದುರಿಗೆ ನಿಂತೇ ಅದು ತಪ್ಪಾಯ್ತು ಅಂತ ಹೇಳಬೇಕು. ಅಷ್ಟೇ ನಾನು ಕೇಳೋದು."

"ಪಾದ್ರಿಯವರ ಕೈಲಿ ಹೇಳಿಸ್ತೀನಿ."

"ಅವಳಿಗೂ ಇದಕ್ಕೂ ಏನು ಸಂಬಂಧ? ನಿನ್ನೆ ಮೊನ್ನೆ ಬಂದವಳು. ಅವತ್ತು ಅಲ್ಲಿದ್ದವರು ಹೇಳಬೇಕು."

ಅವತ್ತು ಅಲ್ಲಿದ್ದವರಲ್ಲಿ ಹೆಚ್ಚಿನವರು ಮಣ್ಣು ಸೇರಿದ್ದರು. ಅಂದು ಕೈ ಎತ್ತಿದ ಹಿರಿಯರಲ್ಲಿ ಉಳಿದಿದ್ದವನು ಗಡಿಯಾರದ ಮಾವ ಒಬ್ಬನೇ, ಅಕ್ಕತಂಗಿಯರ ತಾಯಿಯ ತಮ್ಮ. ಮರುದಿನ ಹೊಲಿಗೆಯಕ್ಕ ಅವನ ರಿಪೇರಿ ಅಂಗಡಿಗೆ ಹೋದಳು. ಮಾವ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಿಚ್ಚಿದ ಕೈಗಡಿಯಾರವೊಂದರ ಮೇಲೆ ಬಗ್ಗಿದ್ದ. ಹೊಸ ಪಾದ್ರಿಯನ್ನು ಆರಿಸುವಾಗ ಕೈ ಎತ್ತದವರಲ್ಲಿ ಅವನೂ ಒಬ್ಬ. ವಿಷಯ ಕೇಳಿ ತಲೆ ಎತ್ತಲೇ ಇಲ್ಲ.

"ಸತ್ತವರು ಆಡಿದ ಮಾತನ್ನ ನಾವು ಯಾಕೆ ಕೆದಕಬೇಕು? ನಮ್ಮ ಭಾವ, ನಿಮ್ಮಪ್ಪ, ತಿಳಿದೇ ಮಾಡಿದ್ದು."

"ಅವಳ ಮುಖ ಹೇಗೆ ಬಾತಿತ್ತು ಅಂತ ನೀವೂ ನೋಡಿದ್ರಿ ಮಾವ."

"ನೋಡಿದ್ದೆ." ಮಾವ ಕೈಯಲ್ಲಿದ್ದ ಚಿಮಟವನ್ನು ಕೆಳಗಿಟ್ಟ. "ನೋಡೇ ಕೈ ಎತ್ತಿದ್ದು. ಅದಕ್ಕೇ ನನ್ನ ಬಾಯಲ್ಲಿ ಬರಲ್ಲ. ನಿನಗೆ ಅಷ್ಟು ಬೇಕಿದ್ರೆ ನೀನೇ ಎದ್ದು ನಿಂತು ಹೇಳು ಹೋಗು."

ಬಾಯಿ ಮುಚ್ಚಿಸಲೆಂದೇ ಅಂದ ಮಾತು ಅದು. ಹೆಂಗಸರು ಎದ್ದು ಮಾತಾಡುವುದು ತರವಲ್ಲ ಎಂದು ಇಡೀ ಸಭೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದ್ದವಳು ಹೊಲಿಗೆಯಕ್ಕನೇ ಎಂದು ಮಾವನಿಗೆ ಗೊತ್ತಿಲ್ಲವೇ? ಅವಳು ಎದ್ದು ಹೊರಟಳು. ಬಾಗಿಲ ತನಕ ಹೋದಾಗ ಮಾವ ಹಿಂದಿನಿಂದ, ಯಾರಿಗೋ ಹೇಳುವವನಂತೆ, "ನಿಮ್ಮಜ್ಜಿ ಗೋದಾಮಿನಲ್ಲಿ ಎದ್ದು ನಿಂತು ಪ್ರಾರ್ಥನೆ ಮಾಡ್ತಿದ್ಲು. ಒಲೆ ಮೇಲಿಟ್ಟು ಬಂದದ್ದು ಸೀದುಹೋದ್ರೂ ಮುಗಿಸ್ತಿರಲಿಲ್ಲ. ಆಗ ಯಾರೂ ಬೇಡ ಅಂದಿರಲಿಲ್ಲ," ಎಂದ.

ಹೊಲಿಗೆಯಕ್ಕ ತಿರುಗಿ ನಿಂತಳು. "ಇದನ್ನ ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ," ಎಂದು ಮಾವ ಮತ್ತೆ ಗಡಿಯಾರದ ಮೇಲೆ ಬಗ್ಗಿದ.

ಆ ವಾರವೆಲ್ಲ ಅವಳಿಗೆ ಹೊಲಿಗೆ ಸರಿಹೋಗಲಿಲ್ಲ. ನಿಲುವಂಗಿಯ ಒಂದು ತೋಳನ್ನು ತಿರುಗುಮುರುಗಾಗಿ ಕೂಡಿಸಿ ಬಿಚ್ಚಿದಳು. ಮಿಷನ್ನು ತುಳಿಯುತ್ತಾ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುವಳು. ದಾರ ತುಂಡಾದರೆ ಮಾತೂ ತುಂಡಾಗುವುದು. ಅಪ್ಪನಿಗೆ ಎದುರಾಡಿದಂತಾಗುವುದಿಲ್ಲವೇ ಎಂಬ ಭಯ ಒಂದು ಕಡೆ. ಇಷ್ಟು ಕಾಲ ತಾನು ಹಿಡಿದುಕೊಂಡು ಬಂದದ್ದನ್ನು ತಾನೇ ಬಿಟ್ಟರೆ ಜನ ಆಡಿಕೊಂಡು ನಗುವುದಿಲ್ಲವೇ ಎಂಬ ನಾಚಿಕೆ ಇನ್ನೊಂದು ಕಡೆ. ಕೊನೆಗೆ ಶನಿವಾರ ನಿಲುವಂಗಿಗೆ ಇಸ್ತ್ರಿ ಹಾಕಿ ಕೊಡುವಾಗ ಪಾದ್ರಿಗೆ ಇಷ್ಟೇ ಹೇಳಿದಳು: "ನಾಳೆ ಕರ್ತನ ಭೋಜನಕ್ಕೆ ಮುಂಚೆ ನನಗೆ ಒಂದು ಗಳಿಗೆ ಬಿಡಿ. ಯಾಕೆ ಅಂತ ಕೇಳಬೇಡಿ. ಕೇಳಿದ್ರೆ ನನ್ನ ಧೈರ್ಯ ಹೋಗತ್ತೆ."

ಪಾದ್ರಿ ಕೇಳಲಿಲ್ಲ.

ಭಾನುವಾರ ಚರ್ಚು ಮುಕ್ಕಾಲು ತುಂಬಿತ್ತು. ಪ್ರಸಂಗ ಚಿಕ್ಕದಿತ್ತು, ಚೆನ್ನಾಗಿಯೂ ಇತ್ತು. ಹೊಲಿಗೆಯಕ್ಕನಿಗೆ ಒಂದಕ್ಷರವೂ ತಲೆಗೆ ಹೋಗಲಿಲ್ಲ. ರೊಟ್ಟಿ, ದ್ರಾಕ್ಷಾರಸದ ಪಾತ್ರೆ ಕರ್ತನ ಮೇಜಿನ ಮೇಲೆ ಬಂದವು. ಪಾದ್ರಿ ನಿಂತು ಕಾದರು. ಹೊಲಿಗೆಯಕ್ಕ ಎಡಗಡೆಯ ಬೆಂಚಿನಿಂದ ಎದ್ದು ನಡುದಾರಿಗೆ ಬಂದಳು. ಎಲ್ಲಿಗೋ ಹೊರಟಿದ್ದಾಳೆ ಎಂದುಕೊಂಡು ಕೆಲವರು ಕಾಲು ಸರಿಸಿದರು. ಅವಳು ಮುಂದಕ್ಕೇ ನಡೆದು, ಮೇಜಿನ ಪಕ್ಕದಲ್ಲಿ, ಅಪ್ಪ ಅಂದು ನಿಂತಿದ್ದ ಜಾಗದಲ್ಲೇ ನಿಂತು, ಜನರ ಕಡೆ ತಿರುಗಿದಳು. ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಆವಿಯಾಗಿ ಹೋಗಿತ್ತು.

"ನನಗೆ ಮಾತಾಡಿ ಅಭ್ಯಾಸ ಇಲ್ಲ," ಎಂದಳು. "ಹೆಂಗಸರು ಇಲ್ಲಿ ಮಾತಾಡಬಾರದು ಅಂತ ನಾನೇ ಹೇಳ್ತಿದ್ದೆ. ನಗೋರು ಆಮೇಲೆ ನಗಿ."

ಯಾರೂ ನಗಲಿಲ್ಲ.

"ಇಲ್ಲಿ ನಿಂತು ನಮ್ಮಪ್ಪ ನನ್ನ ತಂಗಿಗೆ ಈ ಮೇಜಿನಲ್ಲಿ ಜಾಗ ಇಲ್ಲ ಅಂದ. ಅವಳು ಹೊಡೆತ ತಿಂದು ಬಂದವಳು. ಮಾತು ಮುರಿದವನು ಅವಳ ಗಂಡ. ನಾವು ಹೊಡೆದವನನ್ನ ಕೂರಿಸಿ, ಹೊಡೆಸಿಕೊಂಡವಳನ್ನ ಎಬ್ಬಿಸಿ ಕಳಿಸಿದ್ವಿ. ನಮ್ಮಪ್ಪ ಒಳ್ಳೆಯವನು. ಈ ಗೋಡೆ ಅವನೇ ಕಟ್ಟಿದ್ದು. ಆದ್ರೆ ಅವತ್ತು ಅವನು ಹೇಳಿದ್ದು ತಪ್ಪು. ಅವನ ಮಗಳಾಗಿ ನಾನು ಇದನ್ನ ಇಲ್ಲೇ ನಿಂತು ಹೇಳ್ತಿದ್ದೀನಿ. ಅವಳಿಗೆ ಇಲ್ಲಿ ಜಾಗ ಇದೆ. ಯಾವತ್ತೂ ಇತ್ತು."

ಬಲಗಡೆಯ ಮುಂದಿನ ಬೆಂಚಿನಲ್ಲಿ ಗಡಿಯಾರದ ಮಾವ ಕೋಲೂರಿ ಎದ್ದ. ಈಗ ಬೈಸಿಕೊಳ್ಳುತ್ತೇನೆ ಎಂದುಕೊಂಡಳು ಹೊಲಿಗೆಯಕ್ಕ. ಮಾವ ಅವಳ ಕಡೆ ನೋಡದೆ ಬೆಂಚುಗಳ ಕಡೆ ತಿರುಗಿದ.

"ಅವತ್ತು ಕೈ ಎತ್ತಿದವರಲ್ಲಿ ಉಳಿದಿರೋನು ನಾನೊಬ್ಬನೇ," ಎಂದ. "ಎತ್ತಬಾರದಿತ್ತು. ಅಷ್ಟು ಹೇಳೋಕೆ ನನಗೆ ಈ ಹೆಣ್ಣುಮಗಳು ಬೇಕಾಯ್ತು." ಹೇಳಿ ಕೂತುಬಿಟ್ಟ.

ಹಿಂದಿನ ಸಾಲಿನಿಂದ ಒಬ್ಬ ಗಂಡ, ಹೆಂಡತಿ ಎದ್ದು ಹೊರಗೆ ಹೋದರು. ಅವರು ಮತ್ತೆ ಆ ಚರ್ಚಿಗೆ ಬರಲಿಲ್ಲ, ಪೇಟೆಯಾಚೆಯ ಇನ್ನೊಂದು ಸಭೆ ಸೇರಿದರು. ಆದರೆ ಎಡಗಡೆಯಲ್ಲಿ ಬೇಕರಿಯವನ ಹೆಂಡತಿ ಎದ್ದು ನಿಂತಳು. ಅವಳ ಪಕ್ಕದವಳೂ ಎದ್ದಳು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತರು, ಆಮೇಲೆ ಬಲಗಡೆಯವರೂ. ಪಾದ್ರಿ ಕಣ್ಣೊರೆಸಿಕೊಂಡು ರೊಟ್ಟಿಯನ್ನು ಕೈಗೆತ್ತಿಕೊಂಡರು.

ಪ್ರಾರ್ಥನೆ ಮುಗಿದದ್ದೇ ಹೊಲಿಗೆಯಕ್ಕ ತಂಗಿಯ ಮನೆಗೆ ಓಡಿದಳು. ಸುದ್ದಿ ಅವಳಿಗಿಂತ ಮುಂಚೆಯೇ ತಲುಪಿತ್ತು. ತಂಗಿ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತಿದ್ದಳು, ಮೂಗು ಕೆಂಪಾಗಿತ್ತು.

"ಮಾವ ಎದ್ದು ನಿಂತ್ರಂತೆ, ನಿಜಾನಾ?"

"ನಿಜ."

"ಅಪ್ಪ ಒಳ್ಳೆಯವನು ಅಂತಾನೂ ಅಂದೆಯಂತೆ."

"ಅಂದೆ. ಅನ್ನಬಾರದಿತ್ತಾ?"

ತಂಗಿ ಅಂಗೈಯಿಂದ ಮೂಗೊರೆಸಿಕೊಂಡಳು. "ಇಲ್ಲ," ಎಂದಳು. "ಅದೂ ನಿಜಾನೇ. ಕೊನೇ ಸಲ ಕೂದಲು ಕತ್ತರಿಸಿದಾಗ ನನ್ನ ಕೈ ಹಿಡಿದುಕೊಂಡಿದ್ದ. ಬಾಯಲ್ಲಿ ಬರಲಿಲ್ಲ ಅಷ್ಟೇ."

ಹೊಲಿಗೆಯಕ್ಕ ಅದನ್ನು ಅದೇ ಮೊದಲ ಸಲ ಕೇಳುತ್ತಿದ್ದಳು. ತಂಗಿಯ ಪಕ್ಕದಲ್ಲಿ ಕೂತಳು. ಇಬ್ಬರೂ ಅತ್ತರು, ಆಮೇಲೆ ಊಟಕ್ಕೆ ಎದ್ದರು.

ಮುಂದಿನ ಭಾನುವಾರ ಬೆಳಿಗ್ಗೆ ತಂಗಿ ಬಂದಳು, ತಲೆಗೆ ಬಟ್ಟೆ ಹಾಕದೆ, ತಾನೇ ಒಪ್ಪವಾಗಿ ಕತ್ತರಿಸಿಕೊಂಡ ಕೂದಲಿನಲ್ಲಿ. ಎಡಕ್ಕೂ ಬಲಕ್ಕೂ ನೋಡಿ, ಮಾವನ ಬೆಂಚಿನಲ್ಲೇ ಜಾಗವಿದೆಯೆಂದು ಅಲ್ಲೇ ಹೋಗಿ ಕೂತಳು. ಮಾವ ಕೋಲನ್ನು ಆಚೆಗೆ ಸರಿಸಿದ. ಹೊಲಿಗೆಯಕ್ಕ ಎಡಗಡೆಯಲ್ಲಿ ಒಂದು ಗಳಿಗೆ ಚಡಪಡಿಸಿದಳು, ಆಮೇಲೆ ಎದ್ದು ನಡುದಾರಿ ದಾಟಿ ತಂಗಿಯ ಇನ್ನೊಂದು ಪಕ್ಕಕ್ಕೆ ಹೋಗಿ ಕೂತಳು.

ರೊಟ್ಟಿಯ ತಟ್ಟೆ ಸಾಲಿನಲ್ಲಿ ಬಂತು. ಮಾವ ತಾನು ತೆಗೆದುಕೊಳ್ಳುವ ಮೊದಲು ತಂಗಿಯ ಮುಂದೆ ಹಿಡಿದ. ಅವಳು ತುಣುಕನ್ನು ತೆಗೆದುಕೊಂಡು ಅಂಗೈಯಲ್ಲಿ ಇಟ್ಟುಕೊಂಡೇ ಕೂತಳು. ಎಲ್ಲರೂ ಕಣ್ಣು ಮುಚ್ಚಿದಾಗ ಬಾಯಿಗೆ ಹಾಕಿಕೊಂಡಳು.

ಹೊರಗೆ ಬಿಸಿಲಿಗೆ ಬರುವಾಗ ಹೊಲಿಗೆಯಕ್ಕ, "ಹೇಗಿತ್ತು?" ಎಂದು ಕೇಳಿದಳು.

"ಹಾಡನ್ನ ತುಂಬ ಮೇಲಿನ ಶ್ರುತೀಲಿ ಎತ್ತುತ್ತೀರಾ," ಎಂದಳು ತಂಗಿ. "ನನ್ನ ದನಿ ಅಲ್ಲಿಗೆ ಮುಟ್ಟಲಿಲ್ಲ. ಬರೋ ವಾರ ಕೆಳಗೆ ಹಿಡೀರಿ."