ಲಚ್ಛಾದ ದಾರ

ಪ್ರತಿ ಶುಕ್ರವಾರ ನಮಾಜು ಮುಗಿಸಿ ನಾಹಿದ ಕಪಾಟಿನಿಂದ ಲಚ್ಛಾ ಹೊರತೆಗೆಯುತ್ತಿದ್ದಳು. ಅವಳ ಮದುವೆಯ ದಿನ ಅತ್ತೆ ರಶೀದಾಬೇಗಂ ಅವಳ ಕೊರಳಿಗೆ ಕಟ್ಟಿದ ಕರಿಮಣಿಯ ಸರ ಅದು. ಐದೆಳೆ, ಎಳೆಗಳ ನಡುನಡುವೆ ಜೋಳದ ಕಾಳಿನಷ್ಟು ಬಂಗಾರದ ಗುಂಡು. ಅಂಗಡಿಯಿಂದ ತಂದದ್ದಲ್ಲ, ಒಂದು ಮಳೆಗಾಲವಿಡೀ ಕಿಟಕಿಯ ಹತ್ತಿರ ಕುಳಿತು ಅತ್ತೆ ತನ್ನ ಕೈಯಾರೆ ಪೋಣಿಸಿದ್ದು. ವಾಡಿಯಲ್ಲಿ ಸಿಮೆಂಟಿನ ಧೂಳು ಬಾಗಿಲು ಮುಚ್ಚಿದ ಕಪಾಟಿನೊಳಗೂ ಹೇಗೋ ಬಂದು ಕೂತಿರುತ್ತದೆ. ನಾಹಿದ ಹಳೆಯ ಮಲ್‌ಮಲ್ ಬಟ್ಟೆಯಿಂದ ಒಂದೊಂದೇ ಮಣಿ ಒರೆಸುತ್ತಿದ್ದಳು. ಒರೆಸುತ್ತ ಒರೆಸುತ್ತ ಕಣ್ಣು ಮಂಜಾಗಿ, ಮಣಿಗಳು ಹರಿಯುವ ಇರುವೆ ಸಾಲಿನಂತೆ ಕಾಣುತ್ತಿದ್ದವು.

ನೀರು ಸೋಕಿಸಬೇಡ, ಅತ್ತರು ಹಚ್ಚಿಕೊಂಡ ಕೂಡಲೇ ಹಾಕಿಕೊಳ್ಳಬೇಡ, ಮಲಗುವಾಗ ತೆಗೆದಿಡು ಎಂದು ಅತ್ತೆ ಹೇಳಿದ್ದಳು. ಇವೆಲ್ಲವನ್ನೂ ನಾಹಿದ ಪಾಲಿಸಿದಳು. ಒಂದನ್ನು ಮಾತ್ರ ಪಾಲಿಸಲಿಲ್ಲ. ನಾಕಾರು ವರ್ಷಕ್ಕೊಮ್ಮೆ ದಾರ ಬಿಚ್ಚಿ ಹೊಸ ದಾರಕ್ಕೆ ಪೋಣಿಸಬೇಕು ಎಂದೂ ಅತ್ತೆ ಹೇಳಿದ್ದಳು. ಆದರೆ ಮದುವೆಯಾಗಿ ವರ್ಷ ತುಂಬುವುದರೊಳಗೆ ಅತ್ತೆಯೇ ತೀರಿಕೊಂಡಳು. ಆಮೇಲೆ ಕತ್ತರಿ ಹಿಡಿದಾಗಲೆಲ್ಲ ನಾಹಿದಳಿಗೆ ದಾರದ ತುದಿಗೆ ಅತ್ತೆ ಹಾಕಿದ ಗಂಟು ಕಾಣುತ್ತಿತ್ತು. ಸಣ್ಣ, ಬಿಗಿಯಾದ, ಎಡಕ್ಕೆ ಒಂದಿಷ್ಟು ವಾಲಿದ ಗಂಟು. ಅತ್ತೆಯ ಬೆರಳು ಇನ್ನೂ ಅಲ್ಲೇ ಇದೆ ಅನಿಸಿ ಕತ್ತರಿಯನ್ನು ಕೆಳಗಿಡುತ್ತಿದ್ದಳು.

ಈಗ ಮಗ ಫೈಜಾನನ ನಿಕಾಹ್ ಹತ್ತಿರ ಬಂದಿತ್ತು. ಹುಡುಗಿ ಸೇಡಂನವಳು, ಹೆಸರು ಮುಬೀನ. ಇದೇ ಲಚ್ಛಾವನ್ನು ಸೊಸೆಯ ಕೊರಳಿಗೆ ಕಟ್ಟುವ ಸರದಿ ಈಗ ನಾಹಿದಳದು. ಮೊನ್ನೆ ಮುಬೀನ ತಾನಾಗೇ ಫೋನು ಮಾಡಿದ್ದಳು. "ಖಾಲಾ, ಲಚ್ಛಾ ಒಮ್ಮೆ ನೋಡಬೇಕಂತ ಆಸೆ ಆಗ್ಯಾದ. ಮದುವಿ ದಿನ ತಲಿ ಬಗ್ಗಿಸಿ ಕುಂದ್ರಬೇಕು, ಏನೂ ಕಾಣಂಗಿಲ್ಲ." ಆ ಮಾತು ನಾಹಿದಳಿಗೆ ಹಿಡಿಸಿತು. ತಾನೂ ತನ್ನ ಲಚ್ಛಾವನ್ನು ಮೊದಲ ಸಲ ಕಂಡದ್ದು ಮದುವೆಯ ಮರುದಿನ, ಕನ್ನಡಿಯಲ್ಲಿ.

ಲಚ್ಛಾವನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಸೇಡಂಗೆ ಹೊರಟ ಅವಳನ್ನು ಗಂಡ ಅಬ್ದುಲ್ ಗನಿ ವಾಡಿ ಸ್ಟೇಷನ್ನಿಗೆ ಬಂದು ಪ್ಯಾಸೆಂಜರ್ ಗಾಡಿ ಹತ್ತಿಸಿ ಹೋದ. ಚಳಿಗಾಲದ ಮುಂಜಾನೆ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕಾರ್ಖಾನೆಯ ಚಿಮಣಿಗಳು ಬುಡವಿಲ್ಲದೆ ಮುಗಿಲಲ್ಲಿ ತೇಲುತ್ತಿದ್ದವು. ಚಿತ್ತಾಪುರ ಬರುವ ಹೊತ್ತಿಗೆ ನಾಹಿದಳಿಗೆ ಜೋಂಪು ಹತ್ತಿತು. ಎದುರಿನ ಸೀಟಿನಲ್ಲಿ ಅತ್ತೆ ಕುಳಿತಂತೆ, ಮಡಿಲಲ್ಲಿ ಮಣಿಯ ತಟ್ಟೆ ಇಟ್ಟುಕೊಂಡು ಗಾಡಿಯ ಕುಲುಕಿಗೂ ಕೈ ತಪ್ಪದೆ ಪೋಣಿಸುತ್ತಿದ್ದಂತೆ ಕಂಡಿತು. ಮಾತಾಡಿಸಬೇಕೆಂದು ಬಾಯಿ ತೆರೆದಳು. ಕಣ್ಣು ಬಿಟ್ಟರೆ ಅಲ್ಲಿ ಇನ್ಯಾರೋ ಹೆಂಗಸು. ಹಸಿರು ಸ್ವೆಟರು, ಕೊರಳಲ್ಲಿ ನೀಲಿ ಮಣಿಯ ಸಣ್ಣ ಸರ. ಚಿತ್ತಾಪುರದಲ್ಲಿ ಹತ್ತಿದವಳು, ಹೆಸರು ರಮಾಬಾಯಿ. ಸೇಡಂನ ಅಂಗನವಾಡಿಯೊಂದರಲ್ಲಿ ಕೆಲಸ.

"ನಿದ್ದಿಯೊಳಗೂ ಆ ಬಟ್ಟಿ ಗಂಟು ಬಿಟ್ಟಿಲ್ರಿ ನೀವು," ಎಂದಳು ರಮಾಬಾಯಿ. "ಏನದ ಅದರಾಗ?"

"ಸೊಸಿಗಿ ಕಟ್ಟೋ ಲಚ್ಛಾರಿ."

"ತೋರಸ್ತೀರೇನು? ನನಗ ಮಣಿ ಅಂದ್ರ ಭಾಳ ಜೀವ."

ನಾಹಿದ ಲಚ್ಛಾಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಅತ್ತೆ ಹಾಕಿದ ಗಂಟಿನ ಕಡೆಯಿಂದ ಸರ ಹಿಡಿದು, ಕಿಟಕಿಯ ಬೆಳಕಿಗೆ ಎತ್ತಿದಳು. ಅಷ್ಟೇ. ದಾರ ಹರಿದ ಸಪ್ಪಳವೂ ಕೇಳಲಿಲ್ಲ. ಐದೂ ಎಳೆಗಳು ಒಮ್ಮೆಗೇ ಸಡಿಲಾಗಿ, ಮಣಿಗಳು ಅವಳ ಮಡಿಲಿಗೆ, ಮಡಿಲಿನಿಂದ ಸೀಟಿಗೆ, ಸೀಟಿನಿಂದ ನೆಲಕ್ಕೆ ಸುರಿಯತೊಡಗಿದವು. ಅವು ಬೀಳುವುದು ಮುಗಿಯಲೇ ಇಲ್ಲವೇನೋ ಅನಿಸಿತು. ಗಾಡಿ ಎಡಕ್ಕೆ ವಾಲಿದರೆ ಎಲ್ಲ ಮಣಿ ಎಡಕ್ಕೆ, ಬಲಕ್ಕೆ ವಾಲಿದರೆ ಬಲಕ್ಕೆ, ಕರಿಯ ನೀರಿನಂತೆ ಹರಿದಾಡಿದವು. ನಾಹಿದಳ ಬೆರಳಲ್ಲಿ ಗಂಟು ಮಾತ್ರ ಉಳಿದಿತ್ತು.

ಆಗಲೇ ಗಾಡಿ ನಿಂತಿತು. ಸಿಗ್ನಲ್ ಇರಲಿಲ್ಲವೋ ಏನೋ. ಎರಡೂ ಕಡೆ ತೊಗರಿ ಹೊಲ, ಮಂಜಿನೊಳಗೆ ಹಳದಿ ಹೂವು. ಎಂಜಿನ್ನಿನ ಸದ್ದು ಎಲ್ಲೋ ಬಹುದೂರದಲ್ಲಿ ಇದ್ದಂತಿತ್ತು.

"ಯಾರೂ ಕಾಲು ಎತ್ತಬ್ಯಾಡ್ರಿ," ಎಂದಳು ರಮಾಬಾಯಿ, ಮಲಗಿದ ಕೂಸಿನ ಪಕ್ಕದಲ್ಲಿ ಮಾತಾಡುವವಳಂತೆ. "ಮಣಿ ಬಿದ್ದಾವ. ತುಳೀಬ್ಯಾಡ್ರಿ."

ಬೋಗಿಯ ಜನರೆಲ್ಲ ಕಾಲು ನೆಟ್ಟು ಕುಳಿತರು. ಆಮೇಲೆ ಒಬ್ಬೊಬ್ಬರಾಗಿ ಬಗ್ಗಿದರು. ಯಾರೋ ಟೋಪಿಯಲ್ಲಿ, ಯಾರೋ ಚಹಾದ ಕಾಗದದ ಕಪ್ಪಿನಲ್ಲಿ, ಯಾರೋ ಅಂಗೈಯಲ್ಲಿ ಮಣಿ ತಂದು ನಾಹಿದಳ ಊಟದ ಡಬ್ಬಿಗೆ ಹಾಕಿ ಹೋದರು. ಅವಳು ಡಬ್ಬಿ ಹಿಡಿದು ಕುಳಿತೇ ಇದ್ದಳು. ಇದು ನಿದ್ದೆಯದೇ ಮುಂದಿನ ಭಾಗ, ಈಗ ಎಚ್ಚರಾದರೆ ಲಚ್ಛಾ ಬಟ್ಟೆಯೊಳಗೆ ಇದ್ದ ಹಾಗೇ ಇರುತ್ತದೆ ಎಂದು ಕಾಯುತ್ತಿದ್ದಳು.

ಪಕ್ಕದ ಸೀಟಿನಿಂದ ಒಬ್ಬ ಗಂಡಸು ಎದ್ದು ಬಂದ. ಚಂದ್ರಂಪಳ್ಳಿ ಕೆರೆಯಲ್ಲಿ ಮೀನು ಹಿಡಿಯುವ ನಾಮದೇವ. ಬಲೆಗೆ ದಾರ ಕೊಂಡು ಊರಿಗೆ ಹೊರಟಿದ್ದ. ಗಾಜಿನಂತೆ ತಿಳಿಯಾದ, ಕೂದಲಿನಂತೆ ಸಣ್ಣಗಿದ್ದ ದಾರದ ಉಂಡೆಯನ್ನು ನಾಹಿದಳ ಮುಂದೆ ಹಿಡಿದ.

"ಇದಕ್ಕ ಸೂಜಿ ಬೇಕಿಲ್ಲರಿ, ತಾನೇ ನೆಟ್ಟಗ ನಿಲ್ತದ. ನೀರಿಗಿ ಕೊಳೆಂಗಿಲ್ಲ. ಎಷ್ಟು ಬೇಕೋ ಅಷ್ಟು ತಗೋರಿ."

"ಇದು ನಮ್ಮತ್ತಿ ಪೋಣಿಸಿದ್ದಿತ್ತು," ಎಂದಳು ನಾಹಿದ. ಅವನು ಹೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ.

ನಾಮದೇವ ತಲೆಯಾಡಿಸಿದ. ಒಂದು ಮಾರು ದಾರ ಹಲ್ಲಿನಿಂದ ಕಡಿದು ಅವಳ ಪಕ್ಕದಲ್ಲಿಟ್ಟ, ಮತ್ತೊಂದು ಮಾರು, ಮತ್ತೊಂದು. ರಮಾಬಾಯಿ ದಾರದ ತುದಿಗೆ ಗಂಟು ಹಾಕಿ ಹಿಡಿದಳು. ನಾಹಿದ ಮೊದಲ ಮಣಿ ಏರಿಸಿದಳು. ಆಮೇಲೆ ಎರಡನೆಯದು. ಗಾಡಿ ಹೊರಟದ್ದು ಇಬ್ಬರಿಗೂ ತಿಳಿಯಲಿಲ್ಲ. ಮಳಖೇಡ ದಾಟಿ ಸೇಡಂ ಬಂದಾಗ ಒಂದೇ ಒಂದು ಎಳೆ ಮುಗಿದಿತ್ತು. ಉಳಿದದ್ದೆಲ್ಲ ಡಬ್ಬಿಯಲ್ಲಿ ಸರಬರ ಎನ್ನುತ್ತಿತ್ತು.

ಸ್ಟೇಷನ್ನಿನಿಂದ ಬೀಗರ ಮನೆಗೆ ಆಟೋದಲ್ಲಿ ಹೋಗುವಾಗ ಅವಳಿಗೆ ನಿಜವಾದ ಭಯ ಹತ್ತಿತು. ನಿಕಾಹ್‌ಗೆ ಮೊದಲೇ ಲಚ್ಛಾ ಹರಿಯಿತು ಎಂದರೆ ಯಾರು ಸುಮ್ಮನಿರುತ್ತಾರೆ? ತೊಳೆಯಲು ಬಿಚ್ಚಿದ್ದೇನೆ ಎನ್ನಬಹುದು. ಮರೆತು ಮನೆಯಲ್ಲೇ ಬಿಟ್ಟು ಬಂದೆ ಎನ್ನಬಹುದು. ದಾರಿಯುದ್ದಕ್ಕೂ ಸುಳ್ಳುಗಳನ್ನು ಒಂದೊಂದಾಗಿ ನಾಲಿಗೆಯ ಮೇಲಿಟ್ಟು ರುಚಿ ನೋಡಿದಳು. ಆದರೆ ಬಾಗಿಲು ತೆರೆದವಳು ಮುಬೀನ. ಅವಳ ಕಣ್ಣು ನೇರ ನಾಹಿದಳ ಕೈಯಲ್ಲಿದ್ದ ಡಬ್ಬಿಯ ಮೇಲೆ ಬಿತ್ತು. ನಾಹಿದಳ ಬಾಯಿಂದ ಇದ್ದದ್ದೇ ಹೊರಬಂತು.

"ಗಾಡಿಯೊಳಗ ಹರೀತು, ಬೇಟಿ. ನನ್ನ ಕೈಯಾಗೇ ಹರೀತು."

ಮುಬೀನಳ ತಾಯಿ ಹಮೀದಾಬೇಗಂ ಅಡುಗೆಮನೆಯಿಂದ ಬಂದವಳು ಹೊಸ್ತಿಲಲ್ಲೇ ನಿಂತಳು. ಸೆರಗಿನಿಂದ ಕೈ ಒರೆಸಿಕೊಂಡಳು, ಕೈ ಒಣಗಿದ ಮೇಲೂ ಒರೆಸುತ್ತಲೇ ಇದ್ದಳು.

"ಕಟ್ಟೋಕಿಂತ ಮೊದಲೇ ಹರಿಯೋದು ಛಲೋದಲ್ಲ ಅಂತಾರ," ಎಂದಳು ಕೊನೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ. ಅದು ನಾಹಿದಳಿಗೆ ಇನ್ನೂ ಕಷ್ಟವಾಯಿತು.

ಮುಬೀನ ಡಬ್ಬಿ ಇಸಿದುಕೊಂಡು ಅಂಗಳದ ಶಹಾಬಾದಿ ಫರಸಿ ಕಲ್ಲಿನ ಮೇಲೆ ಬಿಳಿ ದುಪಟ್ಟಾ ಹಾಸಿದಳು. ಮಣಿಗಳನ್ನು ಅದರ ಮೇಲೆ ಸುರಿದು ಅಂಗೈಯಿಂದ ಹರವಿದಳು. ಹಳೆಯ ದಾರದ ತುಂಡೊಂದು ಸಿಕ್ಕಿತು. ಎರಡು ಬೆರಳಿನಲ್ಲಿ ತಿಕ್ಕಿದಳು, ಹಿಟ್ಟಿನಂತೆ ಉದುರಿತು.

"ಅಮ್ಮಿ, ಇದನ್ನ ನೋಡು. ಜೀವಾನೇ ಇಲ್ಲ ಇದರಾಗ. ನಿಕಾಹ್ ದಿನ ನನ್ನ ಕೊಳ್ಳಾಗ ಹರಿದಿದ್ರ ಏನಂತಿದ್ರು?" ಆಮೇಲೆ ನಾಹಿದಳ ಕಡೆ ತಿರುಗಿದಳು. "ನೀವ್ಯಾಕ ದಾರ ಬದಲ ಮಾಡಿಲ್ಲ ಖಾಲಾ? ಮಣಿ ಇಷ್ಟು ಹೊಳಿಯಂಗ ಇಟ್ಟೀರಿ."

ನಾಹಿದ ಮುಚ್ಚಿದ ಮುಷ್ಟಿ ಬಿಚ್ಚಿ ತೋರಿಸಿದಳು. ಬೆವರಿಗೆ ಗಂಟು ಒದ್ದೆಯಾಗಿತ್ತು. "ಇದು ಅವರು ಹಾಕಿದ ಗಂಟು. ಹ್ಯಾಂಗ ಕತ್ತರಿಸಲಿ?"

ಹಮೀದಾಬೇಗಂ ಒಳಗೆ ಹೋದಳು. ಪೆಟ್ಟಿಗೆಯ ಬೀಗ ತೆಗೆದ ಸದ್ದಾಯಿತು. ತುಸು ಹೊತ್ತಿಗೆ ಕೈಯಲ್ಲಿ ತನ್ನದೇ ಲಚ್ಛಾ ಹಿಡಿದು ಬಂದಳು. ಮಂಕಾದ ಮಣಿಗಳಿಗೆ ನುಸಿಗುಳಿಗೆಯ ವಾಸನೆ ಹತ್ತಿತ್ತು. ನಾಹಿದಳ ಪಕ್ಕದಲ್ಲಿ ಕುಳಿತು, ದಾರ ಗಟ್ಟಿ ಇದೆಯೋ ನೋಡಲು ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಎಳೆದಳು. ಅದೂ ಹರಿಯಿತು. ದುಪಟ್ಟಾದ ಮೇಲೆ ಮಣಿಗಳು ಚೆಲ್ಲಿ ನಾಹಿದಳ ಮಣಿಗಳ ತನಕ ಉರುಳಿ ಬಂದವು.

ಹಮೀದಾಬೇಗಂ ಕೈಯಲ್ಲುಳಿದ ಖಾಲಿ ದಾರ ನೋಡಿದಳು. ಮೊದಲು ಅವಳ ಹೆಗಲು ಅಲುಗಿತು, ಆಮೇಲೆ ನಗು ಬಂತು. "ನಾನು ಬೀಗ ಹಾಕಿ ಇಟ್ಟಿದ್ದೆ. ಅದು ಒಳಗೇ ಹರಿದು ಕುಂತಿತ್ತು," ಎಂದಳು. ನಾಹಿದಳಿಗೂ ನಗು ಬಂತು. ನಗುತ್ತಲೇ ಕಣ್ಣು ಒರೆಸಿಕೊಂಡಳು.

ಹೊಳೆಯುವುದು, ಮಂಕಾದದ್ದು ಎರಡನ್ನೂ ಬೇರೆ ಮಾಡುವುದು ಕಷ್ಟವಾಗಲಿಲ್ಲ. ಹಮೀದಾಬೇಗಂ ತನ್ನ ಮಣಿಗಳನ್ನು ಒಣ ಬಟ್ಟೆಯಿಂದ ಒರೆಸತೊಡಗಿದಳು. "ಒತ್ತಬ್ಯಾಡ್ರಿ, ಸುಮ್ನ ಉಳ್ಳಾಡಸ್ರಿ," ಎಂದು ನಾಹಿದ ತೋರಿಸಿದಳು. ಮುಬೀನ ನಾಮದೇವನ ದಾರ ಹಿಡಿದು ಎರಡನೆಯ ಎಳೆ ಶುರುಮಾಡಿದಳು. ಮಂಜು ಕರಗಿ ಅಂಗಳಕ್ಕೆ ಬಿಸಿಲು ಇಳಿಯಿತು. ಅತ್ತೆಯ ಗಂಟನ್ನು ನಾಹಿದ ಅಂಗಳದಂಚಿನ ಬೇವಿನ ಮರದ ಬುಡದಲ್ಲಿ ಬೆರಳಿನಿಂದ ಮಣ್ಣು ಕೆದರಿ ಮುಚ್ಚಿ ಬಂದಳು. ಬಂದವಳು ಗೋಡೆಗೆ ಒರಗಿದಳು, ಆಮೇಲೆ ಚಾಪೆಯ ಮೇಲೆ ಅಡ್ಡಾದಳು. ಬೀಗರ ಮನೆಯಲ್ಲಿ ಹೀಗೆ ಹಗಲು ಹೊತ್ತು ಮಲಗಬಾರದು ಎಂದು ಗೊತ್ತಿತ್ತು. ಆದರೆ ಫರಸಿ ಬೆಚ್ಚಗಾಗಿತ್ತು. ಮಣಿಯ ಮೇಲೆ ಮಣಿ ಬಂದು ಕೂರುವ ಸಣ್ಣ ಸದ್ದು ಅವಳನ್ನು ಎತ್ತಲೋ ಒಯ್ಯುತ್ತಿತ್ತು. ಯಾರೋ ತಲೆಯ ಕೆಳಗೆ ದಿಂಬು ಸರಿಸಿದರು.

"ಖಾಲಾ, ಬಂಗಾರದ ಗುಂಡು ಎಲ್ಲಿ ಹಾಕಲಿ?" ಮುಬೀನಳ ದನಿ ನೀರಿನ ಆಚೆ ದಡದಿಂದ ಬಂದಂತಿತ್ತು. ಹೇಳಬೇಕೆಂದುಕೊಂಡಳು. ನಾಲಿಗೆ ಏಳಲಿಲ್ಲ.

"ಅವರು ಮಲಗ್ಯಾರ," ಎಂದಿತು ಹಮೀದಾಬೇಗಂಳ ದನಿ. "ನಿನಗ ಎಲ್ಲಿ ಛಂದ ಕಾಣ್ತದ, ಅಲ್ಲಿ ಹಾಕು."