ಶ್ರವಣನ ಬ್ಯಾನರು, ಉಮ್ಮರಬ್ಬನ ಕೈ

ಬ್ಯಾನರಿನಲ್ಲಿ ಯಾರ ಹೆಸರು ಮೇಲೆ ಬರಬೇಕು, ಯಾರ ಫೋಟೋ ಎಷ್ಟು ದೊಡ್ಡದಿರಬೇಕು ಎಂದು ನಾವು ನಾಲ್ಕು ದಿನ ತಲೆ ಕೆಡಿಸಿಕೊಳ್ಳುತ್ತೇವೆ. ಅದನ್ನು ಎಲ್ಲಿ, ಹೇಗೆ ಕಟ್ಟುವುದು ಎಂದು ನಾಲ್ಕು ನಿಮಿಷವೂ ಯೋಚಿಸುವುದಿಲ್ಲ. ಕುವೈತಿನ ಫರ್ವಾನಿಯಾದಲ್ಲಿ ಮನೆ ಮಾಡಿಕೊಂಡಿದ್ದ ರೋಹಿದಾಸನೂ ಹಾಗೆಯೇ ಮಾಡಿದ.

ರೋಹಿದಾಸ ದಡ್ಡನೇನಲ್ಲ. ಅರ್ದಿಯಾದ ಒಂದು ಗೋದಾಮಿನಲ್ಲಿ ಅವನು ಸಾಮಾನು ಕಟ್ಟಿಸಿ ಲಾರಿಗೆ ಹತ್ತಿಸುವ ಮೇಲ್ವಿಚಾರಕ. ಒಂದು ಪಟ್ಟಿ ಸಡಿಲವಿದ್ದರೂ ಲಾರಿಯನ್ನು ಗೇಟು ದಾಟಲು ಬಿಡುತ್ತಿರಲಿಲ್ಲ. ಇಂಥವನು ಮನೆಯ ಸಂಭ್ರಮದ ದಿನ ತನ್ನ ಕಸುಬಿನ ಬುದ್ಧಿಯನ್ನೆಲ್ಲ ಗೋದಾಮಿನಲ್ಲೇ ಬಿಟ್ಟು ಬಂದ.

ಸಂಭ್ರಮಕ್ಕೆ ಕಾರಣವೂ ಇತ್ತು. ಮದುವೆಯಾಗಿ ಎಂಟು ವರ್ಷದ ಮೇಲೆ ಅವನಿಗೂ ಕುಸುಮಾವತಿಗೂ ಶ್ರವಣ್ ಹುಟ್ಟಿದ್ದ. ೨೦೦೯ರ ಮಾರ್ಚಿನ ಒಂದು ಶುಕ್ರವಾರ ಮಗುವಿನ ಮೊದಲ ಹುಟ್ಟುಹಬ್ಬ. ನಮ್ಮ ಕರಾವಳಿಯವರ ಪದ್ಧತಿ ನಿಮಗೆ ಗೊತ್ತೇ ಇದೆ. ಇಲ್ಲಿ ಕೇಕು ಕತ್ತರಿಸಿದರೆ ಸಾಲದು, ಆ ಫೋಟೋ ಊರಿನ ಪೇಪರಿನಲ್ಲಿ ಬರಬೇಕು. ಕಾರ್ಕಳದಲ್ಲಿದ್ದ ರೋಹಿದಾಸನ ತಂದೆ ಫೋನಿನಲ್ಲಿ ಎರಡೆರಡು ಸಲ ಹೇಳಿದ್ದರು, "ಮಗುವಿನ ಹೆಸರು ಓದ್ಲಿಕ್ಕೆ ಆಗ್ಬೇಕು, ಆಯ್ತಾ?"

ಆದ್ದರಿಂದ ಹನ್ನೆರಡು ಅಡಿ ಉದ್ದದ ಬ್ಯಾನರು ತಯಾರಾಯಿತು. ಜಾಗ, ಅವರ ಕಟ್ಟಡದ ತಾರಸಿ. ಕೀಲಿಕೈಯನ್ನು ಕಟ್ಟಡ ನೋಡಿಕೊಳ್ಳುವ ಹಾರಿಸ್ ನಗುನಗುತ್ತಾ ಕೊಟ್ಟ. ಬ್ಯಾನರು ಹಿಡಿದು ಬಂದವರು ಉಮ್ಮರಬ್ಬ. ಉಳ್ಳಾಲದ ಬ್ಯಾರಿ, ಐವತ್ತು ದಾಟಿದವರು, ಕುವೈತ್ ಸಿಟಿಯ ಒಂದು ಬೋರ್ಡು ಬ್ಯಾನರಿನ ಅಂಗಡಿಯಲ್ಲಿ ಹದಿನೆಂಟು ವರ್ಷದಿಂದ ಕೆಲಸ. ಬ್ಯಾನರು ಕತ್ತರಿಸುವುದು, ಅಂಚಿಗೆ ಹಗ್ಗ ತೂರಿಸುವ ಹಿತ್ತಾಳೆ ಬಳೆ ಹೊಡೆಯುವುದು, ಗೋಡೆಗೆ ಹತ್ತಿ ಕಟ್ಟುವುದು ಎಲ್ಲ ಅವರದೇ. ಅಂದು ಮಾತ್ರ ಅವರು ಊಟಕ್ಕೆ ಬಂದ ಅತಿಥಿ.

ತಾರಸಿಯಲ್ಲಿ ರೋಹಿದಾಸ ಬ್ಯಾನರಿನ ಒಂದು ತುದಿಯನ್ನು ಡಿಶ್ ಆಂಟೆನಾದ ಕಂಬಕ್ಕೆ, ಇನ್ನೊಂದು ತುದಿಯನ್ನು ನೀರಿನ ಟ್ಯಾಂಕಿನ ಪೈಪಿಗೆ ಕಟ್ಟಿದ್ದ. ಬ್ಯಾನರು ಸುರುಟಿಕೊಳ್ಳಬಾರದೆಂದು ಗೋದಾಮಿನಿಂದ ತಂದ ಒಂದು ಕಬ್ಬಿಣದ ಪೈಪನ್ನು ಅದರ ಕೆಳಗಿನ ಅಂಚಿಗೆ ತೂರಿಸಿದ್ದ. ಅದರ ನೇರ ಕೆಳಗೆ ಕೇಕಿನ ಮೇಜು.

"ರೋಹಿದಾಸಣ್ಣ, ಈ ಪೈಪ್ ಎಂತಕ್ಕೆ?" ಉಮ್ಮರಬ್ಬ ಕೇಳಿದರು.

"ಅದಿಲ್ಲದಿದ್ರೆ ಅಕ್ಷರ ನೆಟ್ಟಗೆ ಕಾಣುದಿಲ್ಲ ಉಮ್ಮರಾಕ. ಪೇಪರಿಗೆ ಹೋಗುವ ಫೋಟೋ ಅಲ್ವಾ?"

"ಬೇಡ ಮಾರಾಯ್ರೆ, ತೆಗೀರಿ. ಇದು ಮಾರ್ಚ್ ತಿಂಗಳು, ಇಲ್ಲಿಯ ಗಾಳಿ ಹೇಳಿ ಕೇಳಿ ಬರುದಿಲ್ಲ. ಬ್ಯಾನರ್ ದೊಡ್ಡದಾದ ಹಾಗೆ ಗಾಳಿ ಜಾಸ್ತಿ ಹಿಡೀತದೆ. ಈ ಡಿಶ್ ಕಂಬ ನಿಂತದ್ದು ನಾಲ್ಕು ಬೋಲ್ಟಿನ ಮೇಲೆ, ಅದೂ ತುಕ್ಕು. ಆ ಮೆಟ್ಟಿಲ ಕೋಣೆಯ ಗೋಡೆಯಲ್ಲಿ ಗಟ್ಟಿ ಕೊಕ್ಕೆ ಉಂಟು. ಅಲ್ಲಿ ಗೋಡೆಗೆ ಒತ್ತಿ ಕಟ್ಟುವ. ನಾಲ್ಕು ಮೂಲೆಗೆ ಮಾತ್ರ ಅಲ್ಲ, ಸುತ್ತ ಬಳೆ ಹೊಡ್ದಿದ್ದೇನಲ್ಲ, ಎಲ್ಲದಕ್ಕೂ ಹಗ್ಗ ಹಾಕುವ."

"ಎರಡು ಗಂಟೆಯ ಕೆಲಸಕ್ಕೆ ಇಷ್ಟೆಲ್ಲ ಯಾಕೆ? ದಿನಾ ಟನ್‌ಗಟ್ಟಲೆ ಸಾಮಾನು ಕಟ್ಟಿಸುವವ ನಾನು. ನೀವು ಕೂತ್ಕೊಳ್ಳಿ, ಜ್ಯೂಸ್ ಕುಡೀರಿ."

ಉಮ್ಮರಬ್ಬ ಜ್ಯೂಸ್ ಹಿಡಿದು ಕುರ್ಚಿಯಲ್ಲಿ ಕೂತರು. ಹುಟ್ಟುಹಬ್ಬದ ಮನೆಯಲ್ಲಿ ಎರಡನೇ ಸಲ ಹೇಳಿದರೆ ಅಪಶಕುನ ಆಡಿದಂತಾಗುತ್ತದೆ ಎಂದು ಅವರಿಗೆ ಸಂಕೋಚವಾಯಿತು.

ನಾಲ್ಕೂವರೆಗೆ ವಾಯವ್ಯದ ಕಡೆ ಆಕಾಶ ಅರಸಿನ ಬಣ್ಣಕ್ಕೆ ತಿರುಗಿತು. ಉಂಡು ಬಿಸಾಡುವ ತಟ್ಟೆಗಳು ಒಂದೊಂದಾಗಿ ಹಾರತೊಡಗಿದವು. ಉಮ್ಮರಬ್ಬ ಎದ್ದು ನಿಂತರು. "ಧೂಳು ಬರ್ತಾ ಉಂಟು. ಯಲ್ಲಾ, ಎಲ್ಲರೂ ಕೆಳಗೆ ಹೋಗುವ!"

"ಒಂದೇ ನಿಮಿಷ, ಉಮ್ಮರಾಕ. ಒಂದು ಫೋಟೋ ಆಗ್ಲಿ," ಎಂದ ರೋಹಿದಾಸ. ಕುಸುಮಾವತಿ ಮಗುವನ್ನೆತ್ತಿಕೊಂಡು ಮೇಜಿನ ಹಿಂದೆ ನಿಂತಿದ್ದಳು.

ಆ ಒಂದು ನಿಮಿಷವನ್ನು ರೋಹಿದಾಸ ಇವತ್ತಿಗೂ ನೆನೆದು ಕೈ ಕೈ ಹಿಸುಕಿಕೊಳ್ಳುತ್ತಾನೆ. ಗಾಳಿ ಒಮ್ಮೆಲೇ ನುಗ್ಗಿತು. ಬ್ಯಾನರು ಹಾಯಿಯಂತೆ ಉಬ್ಬಿತು. ಡಿಶ್ ಕಂಬ ಬುಡದಿಂದ ಕಿತ್ತು ಬಂತು, ಕಬ್ಬಿಣದ ಪೈಪು ಮೇಜಿನ ಕಡೆ ಬೀಸಿ ಬಂತು. ಉಮ್ಮರಬ್ಬ ಓಡಿ ಹೋಗಿ ಎಡಗೈಯಲ್ಲಿ ಕುಸುಮಾವತಿಯನ್ನು ಬದಿಗೆ ದೂಡಿ ಬಲಗೈ ಅಡ್ಡ ಹಿಡಿದರು.

ಮಗುವಿಗೆ ಏನೂ ಆಗಲಿಲ್ಲ. ಉಮ್ಮರಬ್ಬನ ಮಣಿಕಟ್ಟು ಮುರಿದು, ಮೂರು ಬೆರಳು ಜಜ್ಜಿಹೋದವು. ಅತಿಥಿಗಳಲ್ಲಿದ್ದ ಮೂರನೇ ಮಹಡಿಯ ತೆರೆಸಾ ನರ್ಸು. ಅವಳು ತನ್ನ ದುಪಟ್ಟಾದಲ್ಲೇ ಕೈಯನ್ನು ಕಟ್ಟಿ, ತಾನೇ ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದಳು.

ಮೂಳೆ ಕೂಡಿತು. ಆದರೆ ಬೆರಳು ಮಡಚಲು ಬರಲಿಲ್ಲ. ಕತ್ತರಿ ಹಿಡಿಯಲಾಗದ, ಏಣಿ ಹತ್ತಲಾಗದ ಕೆಲಸಗಾರನನ್ನು ಅಂಗಡಿಯವನು ಎಷ್ಟು ದಿನ ಇಟ್ಟುಕೊಂಡಾನು? ಅವರ ವೀಸಾಕ್ಕೆ ಹೊಣೆಯಾಗಿದ್ದ ಕಫೀಲ್ ನಾಲ್ಕು ತಿಂಗಳು ಕಾದ. ಅಲ್ಲಿ ಇರಲು ಬೇಕಾದ ಪರವಾನಗಿ, ಇಕಾಮಾ, ಮುಗಿಯುವ ಹೊತ್ತಿಗೆ ನವೀಕರಿಸಲಿಲ್ಲ. ಖಲಾಸ್, ಹದಿನೆಂಟು ವರ್ಷದ ದುಡಿಮೆ ಅಲ್ಲಿಗೆ ಮುಗಿಯಿತು. ಊರಿನಲ್ಲಿ ಅವರ ಮಗಳು ನಶ್ರಾ ಆ ವರ್ಷ ಕಾಲೇಜು ಸೇರಬೇಕಿತ್ತು. ಸೇರಲಿಲ್ಲ.

ಏರ್‌ಪೋರ್ಟಿನಲ್ಲಿ ರೋಹಿದಾಸನಿಗೆ ಮುಖ ಎತ್ತಲಾಗಲಿಲ್ಲ. "ನಿಮ್ಮ ಅನ್ನ ಕಿತ್ಕೊಂಡೆ ನಾನು, ಉಮ್ಮರಾಕ. ಕ್ಷಮಿಸಿ ಅಂತ ಯಾವ ಬಾಯಲ್ಲಿ ಕೇಳ್ಲಿ?"

"ಮಗು ಉಳೀತಲ್ಲ, ಅಲ್‌ಹಮ್ದುಲಿಲ್ಲಾ," ಎಂದರು ಉಮ್ಮರಬ್ಬ. "ತಪ್ಪು ನಂದೂ ಉಂಟು. ನಂಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಸಲ ಹೇಳಿ ಸುಮ್ಮನಾದೆ. ನೀವು ಹಾಗೆ ಮಾಡ್ಬೇಡಿ."

ಮರುವರ್ಷ ತೆರೆಸಾಳ ಮದುವೆಯ ಇಪ್ಪತ್ತೈದನೇ ವರ್ಷ. ಕಟ್ಟಡದ ನೆಲಮಾಳಿಗೆಯ ಹಾಲಿನಲ್ಲಿ ಪಾರ್ಟಿ. ಅವಳ ಗಂಡ ಪಾಯಸ್ ಕುರ್ಚಿಯ ಮೇಲೆ ಸ್ಟೂಲು ಇಟ್ಟು ಹತ್ತಿ ಬ್ಯಾನರು ಕಟ್ಟುತ್ತಿದ್ದ. ಎಲ್ಲಿಗೆ? ಬೆಂಕಿ ಬಿದ್ದರೆ ಮೇಲಿಂದ ನೀರು ಚಿಮ್ಮುವ ಪೈಪಿಗೆ. ಬ್ಯಾನರಿನ ಒಂದು ಮೂಲೆ ಸುಡುವ ಫೋಕಸ್ ಲೈಟಿಗೆ ತಾಗುತ್ತಿತ್ತು, ಇನ್ನೊಂದು ಬದಿ ಹೊರಹೋಗುವ ಬಾಗಿಲನ್ನೇ ಮುಚ್ಚಿತ್ತು.

ರೋಹಿದಾಸ ಬಾಗಿಲಲ್ಲೇ ನಿಂತ. ಹೇಳಲೋ ಬೇಡವೋ ಎಂದು ಅವನಿಗೂ ಸಂಕೋಚವಾಯಿತು. ಆಮೇಲೆ ಒಳಗೆ ಬಂದ.

"ಪಾಯಸ್, ಕೆಳಗಿಳಿ. ಅದನ್ನು ಬಿಚ್ಚುವ."

"ನೀನೊಬ್ಬ ಮಾರಾಯ! ನೆಲಮಾಳಿಗೆಯಲ್ಲಿ ಎಂತ ಬಿರುಗಾಳಿ? ಏಸಿ ಗಾಳಿಗೆ ಬ್ಯಾನರ್ ಹಾರಿ ಹೋಗ್ತದಾ?"

"ಗಾಳಿ ಇಲ್ಲ, ಸರಿ. ಬೆಂಕಿ ಇಲ್ವಾ? ಆ ಲೈಟಿನ ಬಿಸಿಗೆ ಪ್ಲಾಸ್ಟಿಕ್ ಕರಗ್ತದೆ. ಪೈಪಿಗೆ ಭಾರ ಬಿದ್ದು ಮುರಿದ್ರೆ ನೀರು ಎಲ್ಲರ ತಲೆ ಮೇಲೆ. ಓಡುವ ಅಂದ್ರೆ ಬಾಗಿಲು ಯಾರಿಗೂ ಕಾಣುದಿಲ್ಲ."

"ನನ್ನ ಪಾರ್ಟಿಗೆ ಬಂದು ಬೆಂಕಿ ಗಿಂಕಿ ಅಂತೀಯಲ್ಲ," ಪಾಯಸನಿಗೆ ಸಿಟ್ಟೇ ಬಂತು.

"ಬೈ, ಪರವಾಗಿಲ್ಲ. ಅವತ್ತು ಉಮ್ಮರಾಕ ಹೇಳ್ದಾಗ ನಾನೂ ಹೀಗೇ ಅಂದೆ."

ತೆರೆಸಾ ಮುಂದೆ ಬಂದು ಸ್ಟೂಲು ಹಿಡಿದಳು. "ಇಳೀರಿ. ಆ ಕೈಯನ್ನು ಕಟ್ಟಿದವಳು ನಾನು. ಇನ್ನೊಂದು ಕೈ ಕಟ್ಟುವುದು ನನ್ನಿಂದ ಆಗುದಿಲ್ಲ."

ಪಾಯಸ್ ಇಳಿದ. ರೋಹಿದಾಸ ಹಾರಿಸ್‌ನ ಗಟ್ಟಿ ಏಣಿ ತಂದ. ಪಾಯಸ್ ಏಣಿ ಹಿಡಿದ, ರೋಹಿದಾಸ ಹತ್ತಿದ. ಬಾಗಿಲಿನಿಂದಲೂ ದೀಪದಿಂದಲೂ ದೂರವಿದ್ದ ಗೋಡೆಯ ಕೊಕ್ಕೆಗಳಿಗೆ, ಒಂದೊಂದು ಬಳೆಗೂ ಹಗ್ಗ ಹಾಕಿ, ಎಳೆದು ನೋಡಿ ಕಟ್ಟಿದ. ಕೊಕ್ಕೆ ಇಲ್ಲದ ಕಡೆ ಗೋಡೆಯ ಧೂಳು ಒರೆಸಿ, ಭಾರ ತಡೆಯುವ ಅಂಟು ಕೊಕ್ಕೆ ಹಚ್ಚಿದ. ಇಪ್ಪತ್ತು ನಿಮಿಷ ಹಿಡಿಯಿತು, ಅಷ್ಟೇ.

"ಇಷ್ಟೇ ಕೆಲಸವಾ?" ಎಂದ ಪಾಯಸ್, ಮೆತ್ತಗೆ.

"ಇಷ್ಟೇ," ಎಂದ ರೋಹಿದಾಸ. ಅವನ ಕಣ್ಣು ತುಂಬಿತ್ತು. ಅಂದು ತಾರಸಿಯಲ್ಲಿಯೂ ಇಷ್ಟೇ ಕೆಲಸವಿತ್ತು.

ಓದುತ್ತಿರುವ ಅಣ್ಣ, ಅಕ್ಕ, ನಿಮ್ಮ ಮನೆಯಲ್ಲೂ ಹುಟ್ಟುಹಬ್ಬ, ಮದುವೆ, ಸಂಘದ ಕಾರ್ಯಕ್ರಮ ಇದ್ದೇ ಇರುತ್ತದೆ. ಬ್ಯಾನರು ಖಂಡಿತ ಹಾಕಿ. ಆದರೆ ಹೊರಗೆ ಕಟ್ಟುವಾಗ ಗಟ್ಟಿ ಗೋಡೆಗೆ ಒತ್ತಿ ಕಟ್ಟಿ. ಡಿಶ್ ಕಂಬ, ನೀರಿನ ಪೈಪು, ಕರೆಂಟಿನ ತಂತಿಯ ಹತ್ತಿರ ಹೋಗಬೇಡಿ. ಕಬ್ಬಿಣ, ಮರ, ಕಲ್ಲು ಯಾವುದನ್ನೂ ಭಾರಕ್ಕೆಂದು ತೂಗಬೇಡಿ. ಅದರ ಕೆಳಗೆ ಮಕ್ಕಳನ್ನು ಕೂರಿಸಬೇಡಿ. ಒಳಗಾದರೆ ಬಾಗಿಲು, ದೀಪ, ಬೆಂಕಿ ಆರಿಸುವ ಪೈಪು, ಇವು ಮೂರನ್ನೂ ಬಿಟ್ಟು ಜಾಗ ಹುಡುಕಿ. ಗಾಳಿ ಎದ್ದರೆ ಬ್ಯಾನರು ಉಳಿಸಲು ಹೋಗಬೇಡಿ, ಮೊದಲು ಜನರನ್ನು ದೂರ ಕಳುಹಿಸಿ.

ಇನ್ನೊಬ್ಬರ ಸಂಭ್ರಮದಲ್ಲಿ ಬ್ಯಾನರು ತಪ್ಪಾಗಿ ಕಟ್ಟಿದ್ದು ಕಂಡರೆ ಸಂಕೋಚ ಪಡದೆ ಹೇಳಿ. ಕೇಳದಿದ್ದರೆ ಇನ್ನೊಮ್ಮೆ ಹೇಳಿ. ಸಿಟ್ಟು ಮಾಡಿಕೊಂಡರೆ ಮಾಡಿಕೊಳ್ಳಲಿ, ನಾಳೆ ರಾಜಿಯಾಗಬಹುದು. ಉಮ್ಮರಬ್ಬನ ಬೆರಳು ಮಾತ್ರ ಇನ್ನು ಮಡಚುವುದಿಲ್ಲ.