ಬಾಣಂತಿ ಬಾವಲಿಯ ಮೈಮೇಲಿದ್ದ ನೊಣ

ನಾನು ಒಂದು ನೊಣ. ಹಾಗೆಂದ ಕೂಡಲೇ ಕೈ ಬೀಸಬೇಡಿ. ನಿಮ್ಮ ಬೆಲ್ಲದ ಮೇಲೆ ಕೂರುವ ಜಾತಿಯವಳಲ್ಲ ನಾನು. ನನಗೆ ರೆಕ್ಕೆಯೇ ಇಲ್ಲ. ಉದ್ದುದ್ದ ಆರು ಕಾಲು, ಬೆನ್ನಿನ ಮೇಲಕ್ಕೆ ಮಡಚಿಟ್ಟ ಪುಟ್ಟ ತಲೆ. ಕಂಡವರು ಜೇಡ ಎನ್ನುತ್ತಾರೆ. ಬಾವಲಿಯ ತುಪ್ಪಳದೊಳಗೆ ಓಡಾಡಿಕೊಂಡು, ಅದರ ರಕ್ತ ಕುಡಿದು ಬದುಕುವವಳು ನಾನು. ಉಣ್ಣುವ ಅನ್ನವನ್ನು ಮುಚ್ಚಿಟ್ಟು ಮಾತಾಡುವುದು ನನಗೆ ಬಾರದು.

ನಾನು ಹುಟ್ಟಿದ್ದು ಗದಗಿನ ಕಡೆಯ ಒಂದು ಊರಿನಲ್ಲಿ, ಮುಚ್ಚಿಹೋದ ಹತ್ತಿ ಜಿನ್ನಿನ ಕಾರ್ಖಾನೆಯ ಹಿಂದಿನ ಗೋದಾಮಿನಲ್ಲಿ. ನಮ್ಮ ತಾಯಂದಿರು ರಾಶಿ ಮೊಟ್ಟೆ ಇಟ್ಟು ಓಡಿಹೋಗುವವರಲ್ಲ. ಸಲಕ್ಕೆ ಒಂದೇ ಮರಿ. ಅದನ್ನು ಹೊಟ್ಟೆಯೊಳಗೇ ಹಾಲೂಡಿಸಿ ಬೆಳೆಸಿ, ಬಾವಲಿಯ ಮೈಯಿಂದ ಇಳಿದು ಗೋಡೆಗೆ ಅಂಟಿಸಿ, ಮತ್ತೆ ಮೇಲೆ ಹತ್ತಿಕೊಳ್ಳುತ್ತಾರೆ. ಮರಿ ಅಲ್ಲೇ ಗಟ್ಟಿ ಚಿಪ್ಪಿನೊಳಗೆ ಮಲಗಿರುತ್ತದೆ. ಅದು ಎಚ್ಚರವಾಗಿ ಹೊರಬರುವಾಗ ಪಕ್ಕದಲ್ಲಿ ಬಾವಲಿಯೊಂದು ಇರಲೇಬೇಕು. ಇಲ್ಲದಿದ್ದರೆ ಹಸಿವಿನಿಂದ ಅದರ ಕಥೆ ಮುಗಿದ ಹಾಗೆಯೇ.

ನನ್ನ ಪುಣ್ಯ ದೊಡ್ಡದು. ಚಿಪ್ಪು ಒಡೆದು ಬಂದಾಗ ಮುದಿ ಗಂಡು ಬಾವಲಿಯೊಂದು ಗೋಡೆಗೆ ಒರಗಿ ನೇತಾಡುತ್ತಿತ್ತು. ಅವನೇ ನನ್ನ ಮೊದಲ ಯಜಮಾನ. ತುಪ್ಪಳ ಉದುರಿದವನು, ಸಿಡುಕ. ನಾನು ಅತ್ತಿತ್ತ ಹೋದರೆ ಸಾಕು, ಹಲ್ಲು ಕಡಿದು ಹುಡುಕುತ್ತಿದ್ದ. ಅವನ ರೆಕ್ಕೆಯ ತೊಗಲಿನ ಮೇಲೆ ನುಸಿಗಳ ಸಂಸಾರವೇ ಇತ್ತು. ಗಾಳಿ, ಚಳಿ ಎಂದು ಅವು ಯಾವಾಗಲೂ ಗೊಣಗುತ್ತಿದ್ದವು. ತುಪ್ಪಳದ ಬೆಚ್ಚಗಿನ ಕೋಣೆ ಸಿಕ್ಕ ನಾನು ಸುಮ್ಮನಿರುತ್ತಿದ್ದೆ. ಏನೇ ಹೇಳಿ, ಆ ಮುದುಕ ನನ್ನನ್ನು ಸಾಕಿದ. ಅವನ ಹೆಸರು ಹೇಳಿಯೇ ನಾನು ದೊಡ್ಡವಳಾದೆ.

ಬಾವಲಿಗಳು ಮಲಗುವಾಗ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗೊಂದು ಮಧ್ಯಾಹ್ನ ನಾನು ಪಕ್ಕದವಳ ಮೈಗೆ ದಾಟಿಕೊಂಡೆ. ಅವಳೇ ನನ್ನ ಒಡತಿ. ದಟ್ಟ ತುಪ್ಪಳ, ಸಮಾಧಾನದ ಸ್ವಭಾವ. ಸಂಜೆಯಾದರೆ ಮುರಿದ ಕಿಟಕಿಯಿಂದ ಹಾರಿ ಪೇರಲ ತೋಟಕ್ಕೆ ಹೋಗುವಳು. ರೆಕ್ಕೆಯಿಲ್ಲದ ನಾನು ಅವಳ ಕತ್ತಿನ ಕೂದಲು ಹಿಡಿದು ಊರೆಲ್ಲ ಸುತ್ತಿದೆ. ಬೇರೆ ಯಾವ ನೊಣ ತಾನೇ ಹೀಗೆ ಕೂತಲ್ಲೇ ಊಟ ಮಾಡುತ್ತ ಆಕಾಶದಲ್ಲಿ ಹೋಗುತ್ತದೆ? ಅವಳಿಗೊಂದು ಹೆಣ್ಣುಮರಿ ಹುಟ್ಟಿ ಎದೆಗಂಟಿಕೊಂಡಿತು. ಅದೇ ದಿನಗಳಲ್ಲಿ ನಾನೂ ನನ್ನ ಕೊನೆಯ ಮಗಳನ್ನು ಮೂಲೆಯ ಗೋಡೆಗೆ ಅಂಟಿಸಿ ಬಂದೆ.

ಮಗಳು ಹೊರಬರುವ ಕಾಲ ಹತ್ತಿರವಾದಾಗ ಜಿನ್ನಿಗೆ ಹೊಸ ಬಾಡಿಗೆದಾರ ಬಂದ. ಸಂಕಣ್ಣ, ಮೆಣಸಿನಕಾಯಿ ವ್ಯಾಪಾರಿ. ಗೋದಾಮು ಸಾರಿಸಿ ಪೂಜೆ ಮಾಡಿಕೊಡಲೆಂದು ಅಕ್ಕ ಶಾವಂತ್ರವ್ವನನ್ನೂ ಕರೆತಂದಿದ್ದ. ಊರಿನ ಬಾಣಂತಿಯರಿಗೆ, ಕೂಸುಗಳಿಗೆ ಎಣ್ಣೆ ತಿಕ್ಕಿ ಎರೆಯುವುದು ಅವಳ ಕೆಲಸ. ಬಾವಲಿಗಳನ್ನು ಓಡಿಸಲು ಸಂಕಣ್ಣ ಮೆಣಸಿನಕಾಯಿಯವನು ಮಾಡುವುದನ್ನೇ ಮಾಡಿದ. ಕಬ್ಬಿಣದ ಬುಟ್ಟಿಯ ಕೆಂಡದ ಮೇಲೆ ಒಣಮೆಣಸಿನಕಾಯಿ ಸುರಿದ.

ಆ ಘಾಟಿಗೆ ಬಾವಲಿಗಳ ಹಟ್ಟಿಯೆಲ್ಲ ಚೆಲ್ಲಾಪಿಲ್ಲಿಯಾಯಿತು. ಎಲ್ಲರೂ ಹಾಡಹಗಲಲ್ಲೇ ಕಿಟಕಿಯಿಂದ ಹೊರಬಿದ್ದರು. ಮರಿ ಹೊತ್ತ ಒಡತಿಗೆ ಹಾರಲಾಗಲಿಲ್ಲ, ದೊಪ್ಪನೆ ನೆಲಕ್ಕೆ ಬಿದ್ದಳು. ನನಗೆ ಮೂಲೆಯ ಗೋಡೆ ನೆನಪಾಯಿತು. ಗೋದಾಮು ಖಾಲಿಯಾದರೆ ನನ್ನ ಮಗಳು ಬರಿಯ ಗೋಡೆಯ ಮೇಲೆ ಕಣ್ಣು ಬಿಟ್ಟು ಅಲ್ಲೇ ಸಾಯುತ್ತಾಳೆ.

ಶಾವಂತ್ರವ್ವ ಕೆಮ್ಮುತ್ತಲೇ ಬಗ್ಗಿ ನೋಡಿದಳು.

"ಏ ಸಂಕಣ್ಣಾ, ಬೆಂಕಿ ಆರಸು ಮೊದಲ! ಇಕಿ ಬಾಣಂತಿ ಅದಾಳ!"

"ಅಕ್ಕಾ, ಅದು ಬಾವಲಿ ಐತಿ."

"ಬಾವಲಿ ಆದ್ರ ಹಡೆದಿಲ್ಲೇನು? ಎದಿಗಿ ಕೂಸು ಅಂಟಕೊಂಡೈತಿ, ಕಣ್ಣ ಬಿಟ್ಟು ನೋಡು. ಬಾಣಂತಿನ್ನ ಹೊರಗ ಹಾಕಿ ನೀ ಒಳಗ ಪೂಜಿ ಮಾಡತೀಯೇನು? ನಾ ಅಂತೂ ಆರತಿ ಹಿಡಿಯಾಕಿ ಅಲ್ಲ."

"ನಾಳೆ ಮಾಲು ಬರತೈತಿ, ಎಲ್ಲಿ ಒಟ್ಟಲಿ?"

"ಮುಂದಿನ ಖೋಲ್ಯಾಗ ಒಟ್ಟು."

ಸಂಕಣ್ಣ ಅಕ್ಕನ ಮುಖ ನೋಡಿದ, ಬುಟ್ಟಿ ನೋಡಿದ. ಕೊಡ ನೀರು ತಂದು ಕೆಂಡದ ಮೇಲೆ ಸುರಿದ. "ಕೂಸು ಹಾರೂತನಕ ಅಷ್ಟ ಮತ್ತ," ಎಂದ.

"ಆಮೇಲಿಂದು ಆಮೇಲೆ ನೋಡೂಣು," ಎಂದಳು ಅವಳು. ಈ ಕೂಸು ಹಾರುವ ಹೊತ್ತಿಗೆ ಹಟ್ಟಿಯಲ್ಲಿ ಇನ್ನೊಬ್ಬಳು ಹಡೆದಿರುತ್ತಾಳೆ ಎಂಬುದು ಪಾಪ ಸಂಕಣ್ಣನಿಗೆ ತಿಳಿಯದು.

ಶಾವಂತ್ರವ್ವ ಕೈಗೆ ಟವೆಲು ಸುತ್ತಿಕೊಂಡು ಒಡತಿಯನ್ನು ಮೊರದಲ್ಲಿ ಮಲಗಿಸಿದಳು. ಬಟ್ಟೆ ಅದ್ದಿ ಬಾಯಿಗೆ ನೀರು ಹಿಂಡಿದಳು. ಆಮೇಲೆ ಸಂಚಿಯಿಂದ ಹಣಿಗೆ ತೆಗೆದಳು. ಯಾವ ಬಾಣಂತಿಯನ್ನೂ ಬಾಚದೆ ಬಿಟ್ಟು ಅವಳ ಕೈಗೆ ರೂಢಿಯಿಲ್ಲ.

"ಅಯ್ಯ ನನ್ನವ್ವ, ಎಷ್ಟು ಹೇನು ಬಿದ್ದಾವ ನಿನಗ!"

ಹೇನಂತೆ! ನಾನು ಹೇನೇ? ಕೋಪ ಬಂದರೂ ಯಾರಿಗೆ ಹೇಳಲಿ. ನಾನು ಕೂದಲ ಬುಡ ಹಿಡಿದುಕೊಂಡೆ. ಹಣಿಗೆಯ ಹಲ್ಲು ಬಂದು ಎಳೆಯಿತು. ಮುಂದಿನ ಎರಡು ಕಾಲು ತುಪ್ಪಳದಲ್ಲೇ ಉಳಿದವು. ಅವಳು ಹಣಿಗೆಯನ್ನು ನನ್ನ ಮಗಳಿದ್ದ ಮೂಲೆಗೆ ಝಾಡಿಸಿದಾಗ ನಾನು ಗೋಡೆಯ ಬುಡಕ್ಕೆ ಬಿದ್ದೆ. ಒಡತಿಯನ್ನು ಅವಳು ಅದೇ ಮೂಲೆಯಲ್ಲಿ, ತಕ್ಕಡಿ ತೂಗಿಬಿಡುವ ಕಬ್ಬಿಣದ ಕೊಂಡಿಗೆ ಮೆಲ್ಲನೆ ಜೋತುಬಿಟ್ಟಳು.

ಹೊತ್ತು ಇಳಿಯುವಾಗ ಹೊರಗೆ ಹೋದವರು ಒಬ್ಬೊಬ್ಬರಾಗಿ ತಿರುಗಿ ಬಂದರು. ರೆಕ್ಕೆ ಕೊಡವುವ ಸದ್ದು ಕೇಳಿ ನನಗೆ ಅಳು ಬಂತು. ಉಳಿದ ನಾಲ್ಕು ಕಾಲಿನಲ್ಲಿ ಗೋಡೆ ಹತ್ತಿ ಮಗಳ ಚಿಪ್ಪಿನ ಪಕ್ಕ ಬಂದು ಕೂತೆ. ಒಡತಿ ಕೈಗೆಟುಕುವಷ್ಟು ಹತ್ತಿರದಲ್ಲೇ ತೂಗುತ್ತಿದ್ದಳು. ಆದರೆ ತುಪ್ಪಳ ಹಿಡಿಯಲು ನನಗೆ ಮುಂಗಾಲಿಲ್ಲ. ಪ್ರಯತ್ನಿಸಿದೆ, ಜಾರಿದೆ, ಬಿಟ್ಟೆ.

ಶಾವಂತ್ರವ್ವನ ಮೇಲೆ ನನಗೆ ಸಿಟ್ಟಿದೆಯೇ? ಇಲ್ಲ. ಅವಳು ಒಂದು ಬಾಣಂತಿಯನ್ನು ಬಾಚಿದಳು, ಅಷ್ಟೆ. ನನ್ನ ಲೆಕ್ಕದಲ್ಲಿ ಅವಳು ನನ್ನ ಮಗಳಿಗೆ ಮನೆ ಉಳಿಸಿಕೊಟ್ಟವಳು. ಸಿಡುಕ ಮುದುಕನಿಗೆ, ಒಡತಿಗೆ, ಸಿಟ್ಟು ನುಂಗಿ ನೀರು ಸುರಿದ ಸಂಕಣ್ಣನಿಗೆ, ಎಲ್ಲರಿಗೂ ನನ್ನ ಶರಣು. ಜೀವನವಿಡೀ ಬರೀ ತೆಗೆದುಕೊಂಡವಳು ನಾನು. ಕೊಡಲು ನನ್ನ ಬಳಿ ಈ ಒಂದು ಮಾತು ಬಿಟ್ಟರೆ ಬೇರೇನಿಲ್ಲ.

ಈಗ ಹಸಿವು ಕೂಡ ಮಂಕಾಗುತ್ತಿದೆ. ಇಗೋ, ಚಿಪ್ಪಿನ ಮುಚ್ಚಳ ಬಿರಿಯಿತು. ಮಗಳು ತಡವರಿಸಿ ಹೊರಬಂದಳು. ನಾನು ಯಾರೆಂದು ಅವಳಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ನನ್ನ ಬೆನ್ನಿನ ಮೇಲೆ ಕಾಲಿಟ್ಟು, ಎಟುಕಿ, ಒಡತಿಯ ತುಪ್ಪಳ ಹಿಡಿದು ಒಳಗೆ ಮರೆಯಾದಳು.

ಸ್ವಲ್ಪ ಹೊತ್ತಿಗೆ ಒಡತಿ ನಿದ್ದೆಯಲ್ಲೇ ಕಾಲೆತ್ತಿ ಕತ್ತು ಕೆರೆದುಕೊಂಡಳು. ಮಗಳು ಉಣ್ಣುತ್ತಿದ್ದಾಳೆ.